ಬರಿಗೈಯ ಪೂಜೆ

ಆ ದಿನ ಬೆಳಿಗ್ಗೆ ನಂಜನಗೂಡಿನ ಮೇಲೆ ಮಂಜು ಒತ್ತಾಗಿ ಇಳಿದಿತ್ತು. ಕಪಿಲೆಯ ಸೇತುವೆ ಅರ್ಧಕ್ಕೇ ಮುಗಿದುಹೋದಂತೆ ಕಾಣುತ್ತಿತ್ತು. ದೇವಸ್ಥಾನದ ಗೋಪುರಕ್ಕೆ ಬುಡವಿತ್ತು, ತುದಿಯಿರಲಿಲ್ಲ. ಹಾಲಿನವನ ಬೈಕು ಬೀದಿಯಲ್ಲಿ ಹೋದದ್ದು ಕೇಳಿಸಿತೇ ಹೊರತು ಕಣ್ಣಿಗೆ ಬೀಳಲಿಲ್ಲ. ಪುಷ್ಯದ ಚಳಿ, ನೆಲದಿಂದ ಅಂಗಾಲಿಗೆ ಏರುವಂಥದ್ದು.

ಮಂಗಳಗೌರಿ ಮಗಳ ಮನೆಯ ಹಜಾರದಲ್ಲಿ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕುಳಿತಿದ್ದಳು. ಕೊರಳಿನ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯನ್ನು ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಇಟ್ಟು, ಒಂದು ಬಿಲ್ವದೆಲೆ ಏರಿಸಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರುವುದು ಅವಳ ನಿತ್ಯದ ನೇಮ. ಎಂಟು ವರ್ಷದ ಹುಡುಗಿಯಾಗಿದ್ದಾಗ ತವರಿನ ಅಯ್ಯನವರು ಕಟ್ಟಿದ ಲಿಂಗ. ಅಂದಿನಿಂದ ಅದು ಮೈ ಬಿಟ್ಟಿದ್ದಿಲ್ಲ. ಮದುವೆಯ ದಿನವಾಗಲಿ, ಹೆರಿಗೆಯ ದಿನವಾಗಲಿ, ಕಬ್ಬು ಕಡಿಯುವ ಆಳುಗಳಿಗೆ ಅಡುಗೆ ಮಾಡಿ ಸೊಂಟ ಬಿದ್ದುಹೋದ ದಿನವಾಗಲಿ, ಪೂಜೆಯಾಗದೆ ಅವಳ ಬಾಯಿಗೆ ತುತ್ತು ಬಿದ್ದಿರಲಿಲ್ಲ.

ಅಂದು ಮೈಸೂರಿನ ಆಸ್ಪತ್ರೆಯಲ್ಲಿ ಅವಳ ಬಲಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಪೋರ್ಟ್ ಎಂಬ ಸಣ್ಣ ಬಿಲ್ಲೆಯೊಂದನ್ನು ಕೂರಿಸುವವರಿದ್ದರು. ಎಡ ಮೊಲೆಯಲ್ಲಿ ಗಂಟು ಕಂಡಿತ್ತು. ಮೊದಲು ಕೀಮೋ ಕೊಟ್ಟು ಗಂಟನ್ನು ಇಳಿಸೋಣ, ಆಪರೇಷನ್ ಆಮೇಲೆ, ಎಂದಿದ್ದರು ಡಾಕ್ಟರು. ಕೈಯ ನರಗಳು ಆ ಔಷಧಿಯ ಉರಿ ತಡೆಯವು. ಪೋರ್ಟ್ ಇದ್ದರೆ ಅದರಿಂದ ಹೊರಟ ನಳಿಗೆ ಎದೆಯ ದೊಡ್ಡ ರಕ್ತನಾಳಕ್ಕೇ ಹೋಗಿ ಸೇರುತ್ತದೆ. ಅದಕ್ಕೆ ಬೇಕಾದ ಸಿದ್ಧತೆಯೆಲ್ಲ ಮುಗಿದಿತ್ತು. ಹೃದಯದ ಸ್ಕ್ಯಾನ್ ಆಗಿತ್ತು. ಹುಳುಕು ದವಡೆ ಹಲ್ಲನ್ನು ಕೀಳಿಸಿದ್ದರು. ಉದುರುವುದನ್ನು ನೋಡುವ ಸಂಕಟ ಬೇಡವೆಂದು ಮಗಳು ಶಿವರಂಜನಿ ಅವಳ ಜಡೆಯನ್ನು ಕತ್ತರಿಸಿ ಕಿವಿಯ ಮಟ್ಟಕ್ಕೆ ತಂದಿದ್ದಳು. ಶಿವರಂಜನಿ ನಂಜನಗೂಡಿನಲ್ಲಿ ಹೈಸ್ಕೂಲು ಮೇಡಂ. ಚಿಕಿತ್ಸೆ ಮುಗಿಯುವತನಕ ತಾಯಿ ತನ್ನ ಮನೆಯಲ್ಲೇ ಇರಲಿ ಎಂದು ಹಟ ಹಿಡಿದು ಕರೆತಂದಿದ್ದಳು.

ಗಂಡ ಶಿವಮಲ್ಲಪ್ಪ ಮೂಗೂರಿನ ಆಚೆಯ ತನ್ನ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ನರಸೀಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದ.

"ದಾರೀಲಿ ಏನೂ ಕಾಣಾಕಿಲ್ಲ ಕಣೆ ಗೌರಿ. ಡ್ರೈವರು ಅಂದಾಜಿನ ಮ್ಯಾಲೇ ಓಡಿಸ್ಕಂಡು ಬಂದ," ಎಂದು ಟವಲಿನಿಂದ ತಲೆ ಒರೆಸಿಕೊಂಡ.

"ಡಾಕ್ಟರೂ ಹಂಗೇ ಕಣ್ರಿ. ಬನ್ನಿ, ಕಾಪಿ ಕುಡೀರಿ," ಎಂದಳು ಮಂಗಳಗೌರಿ.

ಆಸ್ಪತ್ರೆಯಲ್ಲಿ ಶಾಲಿನಿ ಎಂಬ ನರ್ಸು ಹಸಿರು ಗೌನು ಕೊಟ್ಟು, "ಅಮ್ಮ, ಮೈಮೇಲೆ ಏನೂ ಇರಬಾರ್ದು. ಬಳೆ, ಓಲೆ, ತಾಳಿ, ಆ ದಾರ, ಎಲ್ಲಾ ಬಿಚ್ಚಿ ಮನೆಯವರ ಕೈಗೆ ಕೊಡಿ," ಎಂದಳು. ಬಳೆ ಓಲೆಗಳನ್ನು ಮಂಗಳಗೌರಿ ಮಗಳ ಕೈಗೆ ಸುರಿದಳು. ತಾಳಿಯನ್ನೂ ಕಣ್ಣಿಗೊತ್ತಿಕೊಂಡು ಕೊಟ್ಟಳು. ಶಿವದಾರಕ್ಕೆ ಬಂದಾಗ ಕೈ ನಿಂತಿತು.

ಗಂಡನ ಮನೆಯಲ್ಲಿ ಇದಕ್ಕೊಂದು ಹಳೆಯ ನೋವಿತ್ತು. ಶಿವಮಲ್ಲಪ್ಪನ ತಾಯಿ ಬಹಳ ವರ್ಷಗಳ ಹಿಂದೆ ಒಂದು ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಗಡಿಬಿಡಿಯಲ್ಲಿ ಯಾರೋ ಅವಳ ಶಿವದಾರವನ್ನು ಕತ್ತರಿಸಿದ್ದರು. ಲಿಂಗ ಎಲ್ಲಿ ಹೋಯಿತೋ ಸಿಗಲಿಲ್ಲ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಅವರವರ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವದೊಂದಿಗೆ ಮಣ್ಣು ಮುಚ್ಚುತ್ತಾರೆ. ಮುದುಕಿಯನ್ನು ಗುಂಡಿಯಲ್ಲಿ ಕೂರಿಸಿದ ಮೇಲೆ ಅವಳ ಬರಿಯ ಕೈಯನ್ನು ಊರೆಲ್ಲ ನೋಡಿತು. ಮಠಕ್ಕೆ ಓಡಿ ಹೊಸ ಲಿಂಗವೊಂದನ್ನು ತಂದು ಇಡುವ ಹೊತ್ತಿಗೆ ಸಂಜೆಯಾಗಿತ್ತು. ಬದಲಿ ಲಿಂಗದವಳ ಮಗ ಎಂಬ ಮಾತನ್ನು ಶಿವಮಲ್ಲಪ್ಪ ನೀರು ಬಿಡುವ ಜಗಳದಲ್ಲಿ, ಬದುವಿನ ಜಗಳದಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದ.

ಅವನು ಎರಡೂ ಕೈ ಚಾಚಿದ. "ಕೊಡು. ನನ್ನ ಜೀವ ಓದ್ರೂ ಇದ ಕಳಿಯಾಕಿಲ್ಲ."

"ಒಳಗಿಂದ ಬಂದ ಗಳಿಗೇಲೇ ಕೊಟ್ಬುಡಿ. ನಾಳೆ ಪೂಜೆಗೆ ಬೇಕು."

"ಊಂ," ಎಂದ ಶಿವಮಲ್ಲಪ್ಪ.

ಒಳಗೆ ಅವಳಿಗೆ ಎಚ್ಚರವಿತ್ತು. ಕುತ್ತಿಗೆಯ ಬಳಿ ಮರಗಟ್ಟಿಸಿ, ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಕತ್ತರಿಸುವುದು ನೋಯಲಿಲ್ಲ. ಚರ್ಮದಡಿಯಲ್ಲಿ ಬೆರಳಾಡಿಸಿ ಜಾಗ ಮಾಡುವುದು ಮಾತ್ರ ತಿಳಿಯುತ್ತಿತ್ತು, ಹಬ್ಬದ ದಿನ ಒಬ್ಬಟ್ಟಿನ ಕಣಕದೊಳಗೆ ಹೂರಣಕ್ಕೆ ಜಾಗ ಮಾಡಿದಂತೆ. ಯಾರೋ ಡಾಕ್ಟರು ಮಧ್ಯಾಹ್ನದ ಊಟಕ್ಕೆ ಯಾವ ಹೋಟೆಲು ಎಂದು ಕೇಳುತ್ತಿದ್ದರು. ಅವಳ ಎಡಗೈ ಗೌನಿನ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಆ ಅಂಗೈಯ ಮೇಲೆ ಲಿಂಗವಿದೆ ಎಂದು ಭಾವಿಸಿಕೊಂಡು ಅವಳು ಪಂಚಾಕ್ಷರಿ ಹೇಳಿಕೊಂಡಳು.

ಹೊರಗೆ ಬಂದ ಕೂಡಲೇ ಕೇಳಿದ್ದು ಅದನ್ನೇ. ಶಿವಮಲ್ಲಪ್ಪ ನೆಲ ನೋಡುತ್ತ, "ಒಲಿಗೆ ಇನ್ನೂ ಹಸಿ ಅದೆ. ದಾರ ತಾಕುದ್ರೆ ಕೀವಾಯ್ತದಂತೆ. ಒಣಗ್ಲಿ, ನಾನೇ ತತ್ತೀನಿ," ಎಂದ. ದಾರ ಹತ್ತು ದಿನ ಬೇಡವೆಂದು ನರ್ಸೂ ಹೇಳಿದ್ದಳು. ಕೊರಳಿಗಲ್ಲ, ಕೈಗೆ ಕೊಡಿ ಎನ್ನಬೇಕೆಂದು ಮಂಗಳಗೌರಿಗೆ ಹೊಳೆಯುವಷ್ಟರಲ್ಲಿ ಅವಳಿಗೆ ತೂಕಡಿಕೆ ಬಂದಿತ್ತು. ಅವನು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಲಿಂಗವೂ ಹೋಯಿತು.

ಮರುದಿನ ಬೆಳಿಗ್ಗೆ ಅವಳು ಮಣೆಯ ಮೇಲೆ ಕುಳಿತು ಎಡಗೈ ಚಾಚಿದಳು. ಕೈ ಬರಿದಾಗಿತ್ತು. ಆದರೂ ತಂಬಿಗೆಯಿಂದ ನೀರೆರೆದಳು. ತಡೆಯುವುದಕ್ಕೆ ಅಂಗೈಯಲ್ಲಿ ಏನೂ ಇಲ್ಲದೆ ನೀರು ಮೊಣಕೈಯ ತನಕ ಹರಿದು ಸೀರೆಯನ್ನು ನೆನೆಸಿತು. ಶಿವರಂಜನಿ ಒಳಗಿನಿಂದ ಬಂದು ನೋಡುತ್ತ ನಿಂತಳು.

"ಅವ್ವ, ಬೇಕಾದ್ರೆ ಮಠದಿಂದ ಬೇರೆ ಲಿಂಗ ತರಿಸೋಣ್ವಾ?"

"ಕಳೆದೋದವ್ರಿಗೆ ಬೇರೆ ಲಿಂಗ. ನಂದು ಐತಲ್ಲ, ನಿಮ್ಮಪ್ಪನ ತಾವ."

"ಹಂಗಾದ್ರೆ ತಿಂಡಿ ತಿನ್ನು. ಖಾಲಿ ಹೊಟ್ಟೆಲಿರಬಾರ್ದು ಅಂತ ಡಾಕ್ಟರು ಹೇಳಿದ್ದಾರೆ. ತೂಕ ಇಳಿದ್ರೆ ಕೀಮೋ ಕೊಡೋದೇ ಇಲ್ಲ."

ಮಂಗಳಗೌರಿ ರಾಗಿ ಗಂಜಿಯನ್ನು ಔಷಧಿಯೆಂದು ಹೇಳಿಕೊಂಡು ಕುಡಿದಳು. ಔಷಧಿಗೆ ನೇಮದ ಅಡ್ಡಿಯಿಲ್ಲ. ಮಧ್ಯಾಹ್ನದ ಅನ್ನವೂ ಔಷಧಿಯಾಯಿತು, ರಾತ್ರಿಯ ಮುದ್ದೆಯೂ ಔಷಧಿಯಾಯಿತು. ಆದರೆ ಪ್ರತಿ ತುತ್ತಿಗೂ ಯಾರದೋ ಹೊಲಕ್ಕೆ ಕದ್ದು ನುಗ್ಗಿದ ದನದಂತೆ ಅವಳ ಮನಸ್ಸು ಅತ್ತಿತ್ತ ನೋಡುತ್ತಿತ್ತು. ಹೊಟ್ಟೆ ತುಂಬುತ್ತಿರಲಿಲ್ಲ.

ಹೊಲಿಗೆ ಒಣಗಿತು. ಎದೆಯ ಮೇಲೆ, ಹುಣಸೆಬೀಜಕ್ಕಿಂತ ದೊಡ್ಡದು, ಅಡಕೆಗಿಂತ ಚಪ್ಪಟೆಯದು, ಗಟ್ಟಿಯಾದೊಂದು ಉಬ್ಬು ಉಳಿಯಿತು. ಅದರೊಂದಿಗೆ ಬಾಳುವುದನ್ನು ಅವಳು ದಿನಕ್ಕೊಂದಿಷ್ಟು ಕಲಿತಳು. ಬಲಮಗ್ಗುಲಿಗೆ ಮಲಗಿದರೆ ಒತ್ತುತ್ತದೆ. ರವಿಕೆಯ ಕೊರಳು ಅಗಲವಿರಬೇಕು, ಇಲ್ಲವಾದರೆ ಅಂಚು ಸರಿಯಾಗಿ ಅದರ ಮೇಲೇ ಬಂದು ಕೂರುತ್ತದೆ. ಅಳಿಯನ ಕಾರಿನಲ್ಲಿ ಬೆಲ್ಟು ಕಟ್ಟಿಕೊಂಡರೆ ಮಧ್ಯೆ ಮಡಿಚಿದ ಕರ್ಚೀಫು ಇಡಬೇಕು. ಕುತ್ತಿಗೆ ಹೊರಳಿಸಿದಾಗ ಚರ್ಮದಡಿಯಲ್ಲಿ ನಳಿಗೆ ಎಳೆದಂತಾಗುತ್ತದೆ. ಸ್ನಾನ ಮಾಡುವಾಗ ಕೈ ತಾನೇ ತಾನಾಗಿ ಕರಡಿಗೆಯನ್ನು ಹುಡುಕಿಕೊಂಡು ಎದೆಗೆ ಹೋಗುತ್ತಿತ್ತು, ಪೋರ್ಟು ಸಿಕ್ಕುತ್ತಿತ್ತು.

ಮೊದಲ ಕೀಮೋದ ದಿನ ಶಾಲಿನಿ ಕೊಕ್ಕೆಯಂತೆ ಬಾಗಿದ ಸೂಜಿಯನ್ನು ಆ ಉಬ್ಬಿನ ನಡುವಿಗೆ ಚುಚ್ಚಿದಳು. ಕೆಂಪು ಔಷಧಿ ಇಳಿಯಿತು. ಮಂಗಳಗೌರಿ ಅವಳನ್ನು ಕೇಳಿದಳು: "ಲಿಂಗ ಕಟ್ಟಿಕೊಂಡ್ರೆ ಇದಕ್ಕೇನಾರ ತೊಂದ್ರೆ ಆದಾದಾ, ತಾಯಿ?"

"ಈಗ ಏನೂ ಆಗಲ್ಲಮ್ಮ. ದಾರ ಇದರ ಮೇಲೆ ಉಜ್ಜದಂಗೆ ಉದ್ದ ಬಿಡಿ, ಇಲ್ಲಾ ತೋಳಿಗೆ ಕಟ್ಟಿಕೊಳ್ಳಿ. ನಮ್ಮ ಮನೇಲೂ ಅಜ್ಜಿ ತೋಳಿಗೇ ಕಟ್ಟೋರು."

ಅಂದೇ ಸಂಜೆ ಗಂಡನಿಗೆ ಫೋನು ಮಾಡಿದಳು. ಅವನು ಹುಳುಮನೆಯ ಮಾತು ತೆಗೆದ. ಅವರದು ಇಪ್ಪನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಹುಳ ಎದ್ದು ಮೇಯುತ್ತಿವೆ, ಸೊಪ್ಪು ಕೊಯ್ಯಬೇಕು, ಆಳಿಲ್ಲ, ಮುಂದಿನ ವಾರ ಬತ್ತೀನಿ, ಎಂದ. ಮುಂದಿನ ವಾರ ಬಂದ. ಒಂದು ಗೊನೆ ಪುಟ್ಟಬಾಳೆ ತಂದಿದ್ದ. ಲಿಂಗ ತಂದಿರಲಿಲ್ಲ.

"ಮರ್ತುಬುಟ್ಟೆ ಕಣೆ."

ಪಂಪ್‌ಹೌಸಿನ ಬೀಗ ಹಾಕಿದೆನೋ ಇಲ್ಲವೋ ಎಂದು ಒಂದು ಸಲವೂ ಹಿಂದಿರುಗಿ ನೋಡಬೇಕಾಗದ, ಯಾವುದನ್ನೂ ಮರೆಯದ ಮನುಷ್ಯ. ಮಂಗಳಗೌರಿ ಅವನ ಮುಖವನ್ನು ನೋಡಿದಳು. ಬಿಸಿಲು ಏರಿದ್ದರೂ ಅಂಗಿಯ ಗುಂಡಿಯನ್ನು ಗಂಟಲತನಕ ಹಾಕಿಕೊಂಡಿದ್ದ. ಚಳಿಜ್ವರವೇ ಎಂದು ಕೇಳಿದ್ದಕ್ಕೆ, ಇಲ್ಲ, ಸುಮ್ಮನೆ, ಎಂದ.

"ಶಿವರಾತ್ರಿಗಾದ್ರೂ ತಂದ್ಕೊಡಿ."

"ಊಂ."

ಶಿವರಾತ್ರಿ ಬಂತು, ಹೋಯಿತು. ಅವಳ ತಲೆಯಲ್ಲಿ ಉಳಿದಿದ್ದ ಮೋಟುಗೂದಲೂ ದಿಂಬಿಗೆ ಅಂಟಿಕೊಂಡು ಹೋಯಿತು. ಆದರೆ ಎರಡನೆಯ ಕೀಮೋಗೆ ಹೋದಾಗ ಡಾಕ್ಟರು ಗಂಟನ್ನು ಮುಟ್ಟಿ ನೋಡಿ, ಅಳತೆ ಹಿಡಿದು, ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ, ಔಷಧಿ ಚೆನ್ನಾಗಿ ಹಿಡಿದಿದೆ, ಎಂದರು. ಮಂಗಳಗೌರಿ ಹೊರಗೆ ಬಂದವಳೇ ಗಂಡನಿಗೆ ಹೇಳಿದಳು. "ಶಿವನ ದಯ," ಎಂದು ಅವನು ಫೋನಿಟ್ಟ. ಆ ದನಿಯಲ್ಲಿ ಸಂತೋಷವಿರಲಿಲ್ಲ. ಮಗುವಿನ ಸುಳ್ಳಿಗೆ ನಂಬದೆಯೇ ಹೂಂಗುಟ್ಟಿದವನ ದನಿ ಅದು.

ಅಂದು ಪಕ್ಕದ ಹಾಸಿಗೆಯಲ್ಲಿ ತಗಡೂರಿನ ಚಿಕ್ಕಮಾದಮ್ಮ ಇದ್ದಳು. ಕೂಲಿ ಮಾಡಿ ಬಾಳಿದ ಹೆಂಗಸು, ಮಂಗಳಗೌರಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಅವಳ ಪೋರ್ಟು ಕಳೆದ ವರ್ಷದ್ದು. ಸೂಜಿ ಚುಚ್ಚಿಸಿಕೊಂಡೇ ಎಲೆಯಡಿಕೆ ಬೇಕೆಂದು ನರ್ಸುಗಳನ್ನು ಪೀಡಿಸುತ್ತಿದ್ದಳು.

"ನಮ್ಮ ಮೊಮ್ಮಗ ಇದ ಮುಟ್ಟಿ ನೋಡ್ಬುಟ್ಟು, ಅಜ್ಜಿ ಇದು ಸ್ವಿಚ್ಚಾ ಅಂತಾನೆ ಕಣ್ರವ್ವ. ಈಗ ನಾನು ಬಯ್ಯಕ್ಕೆ ಸುರು ಮಾಡುದ್ರೆ ಆಫ್ ಮಾಡಕ್ಕೆ ಓಡ್ ಬತ್ತಾನೆ."

ಮಂಗಳಗೌರಿಗೆ ಬಹಳ ದಿನದ ಮೇಲೆ ನಗು ಬಂತು. "ಆಫ್ ಆಯ್ತೀರಾ?"

"ನನ್ನ ಗಂಡನ ಕೈಲೇ ಆಗ್ನಿಲ್ಲ, ಇವನ ಕೈಲಿ ಆದಾದಾ?" ಚಿಕ್ಕಮಾದಮ್ಮ ಹೊರಳಿ ಅವಳನ್ನು ನೋಡಿದಳು. ಹಣೆಯ ವಿಭೂತಿ ನೋಡಿದಳು, ಕೊರಳು ನೋಡಿದಳು. "ನೀವು ಲಿಂಗ ಕಟ್ಟೋರಲ್ವಾ ಅವ್ವಾರೆ? ಕೊಳ್ಳು ಬರಿದು ಅದಲ್ಲ."

"ಯಜಮಾನ್ರ ತಾವ ಅದೆ. ತಂದ್ಕೊಡ್ತೀನಿ ಅಂತಾರೆ."

"ಓ. ತಂದ್ಕೊಡ್ತಾರೆ." ಚಿಕ್ಕಮಾದಮ್ಮ ಡ್ರಿಪ್ಪಿನ ಹನಿಯ ಕಡೆ ಕಣ್ಣು ತಿರುಗಿಸಿದಳು. "ನಾನು ಮೊದಲ ಸಲ ಇಲ್ಲಿ ಮಲಗಿದ್ದಾಗ, ಮನೇಲಿ ನನ್ನ ಆಡುಗಳ ಅಂಚ್ಕಂಬುಟ್ಟಿದ್ರು. ಮಗಂಗೆರಡು, ಮಗಳ್ಗೆರಡು. ನಾನು ಓಗಿ ಕೊಟ್ಟಿಗೆ ಮುಂದೆ ನಿಂತ್ಕಂಡ್ರೆ ಎಲ್ರೂ ಒಂಥರಾ ನೋಡ್ತಾವ್ರೆ, ಇವಳ್ಯಾಕೆ ಬಂದ್ಲು ಅಂತ. ಒಂದೊಂದೇ ಹಗ್ಗ ಹಿಡ್ದು ಎಳ್ಕಂಡ್ ಬಂದೆ. ಅವ್ರೇ ತಂದ್ಕೊಡ್ಲಿ ಅಂತ ಕಾದಿದ್ರೆ ಇವೊತ್ಗೂ ಕಾಯ್ತಿದ್ದೆ."

ಮಂಗಳಗೌರಿ ತನ್ನ ಮನೆಯವರು ಅಂಥವರಲ್ಲ ಎಂದುಕೊಂಡಳು. ಎರಡನೆಯ ಸಲ ಎಂದುಕೊಂಡಾಗ ಅಷ್ಟು ನಂಬಿಕೆ ಬರಲಿಲ್ಲ.

ಔಷಧಿಯ ವಾಂತಿ, ಬಾಯಿಹುಣ್ಣುಗಳೆಲ್ಲ ಇಳಿದ ಮೇಲೆ ಒಂದು ಭಾನುವಾರ ಶಿವಮಲ್ಲಪ್ಪನ ಅಣ್ಣನ ಹೆಂಡತಿ ರಾಚಮ್ಮ ನೋಡಲು ಬಂದಳು. ಮನೆ ಒಂದೇ, ಒಲೆ ಎರಡು. ಮೂವತ್ತು ವರ್ಷ ಅಕ್ಕತಂಗಿಯರಂತೆ ಇದ್ದ ಓರಗಿತ್ತಿಯರು. ರಾಚಮ್ಮ ಹುರುಳಿಕಾಳಿನ ಬಸ್ಸಾರು ಮಾಡಿಕೊಂಡು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ಬೋಳುತಲೆ ನೋಡಿ ಸೆರಗು ಬಾಯಿಗೆ ಹಿಡಿದು ಅತ್ತಳು, ಅತ್ತಾದ ಮೇಲೆ ಊರಿನ ಸುದ್ದಿ ಹೇಳಿದಳು, ಅದಾದ ಮೇಲೆ ತಟ್ಟೆ ಮುಂದಿಟ್ಟಳು.

"ಉಣ್ಣಮ್ಮಿ. ಯಾಕೆ ಅನ್ನದ ಮುಂದೆ ಇಂಗೆ ಕುಂತಿದ್ದೀಯ?"

"ಪೂಜೆ ಇಲ್ಲದೆ ಗಂಟಲಲ್ಲಿ ಇಳಿಯಕ್ಕಿಲ್ಲ ಅಕ್ಕ. ಲಿಂಗ ತಂದ್ಕೊಡಿ ಅಂತ ಇವ್ರಿಗೆ ಏಳಿ ಏಳಿ ಸಾಕಾಯ್ತು. ಎಲ್ಲಿ ಮಡಗಿದ್ದಾರೋ ಏನೋ. ಕಳ್ದುಬುಟ್ರಾ ಅಂತ ಒಂದೊಂದ್ಸಲ ಎದೆ ಧಸಕ್ ಅಂತದೆ."

"ಶಿವ ಶಿವ, ಕಳೆಯಾದಾ? ಅಂಗಂತ ಬಾಯ್ಲಿ ಅನ್ಬ್ಯಾಡ." ರಾಚಮ್ಮ ಸಮಾಧಾನ ಮಾಡುವವಳಂತೆ ಅವಳ ಮೊಣಕಾಲು ಸವರಿದಳು. "ನನ್ನ ಮೈದ ಅದ ತನ್ನ ಕೊಳ್ಳಿಗೇ ಕಟ್ಕಂಡವ್ನೆ. ತನ್ನದೊಂದು, ನಿನ್ನದೊಂದು. ಒಂದು ಗಳಿಗೆ ಬಿಚ್ಚಿಲ್ಲ. ಊರಿಗೆಲ್ಲ ಗೊತ್ತು. ನಮ್ಮತ್ತೆಗಾದಂಗೆ ನಿನಗಾಗ್ಬಾರ್ದು, ಕೊನೆಗಾಲಕ್ಕೆ ಕೈಲಿ ನಿನ್ನದೇ ಇರ್ಬೇಕು ಅಂತ. ಆಸ್ಪತ್ರೆಗೆ ಮತ್ತೆ ಕೊಟ್ರೆ ಯಾರು ಗ್ಯಾರಂಟಿ, ನೀನೇ ಏಳು. ಮಣ್ಣಿಗಿಡೋ ಜಾಗನೂ ಅತ್ತೆ ಗದ್ದುಗೆ ಪಕ್ಕದಲ್ಲೇ, ಇಪ್ಪನೇರಳೆ ಕಿತ್ತು ಬುಡಿಸವ್ನೆ. ಅಂತಾ ಗಂಡ ಯಾರಿಗೆ ಸಿಕ್ತಾನೆ?"

ಹೊಗಳಿಕೆಯ ಮಾತೆಂದೇ ರಾಚಮ್ಮ ಹೇಳಿದ್ದಳು. ಹೇಳಿ ಮುಗಿದ ಮೇಲೆ ಅವಳಿಗೆ ಅದರ ಸದ್ದು ಕೇಳಿಸಿತು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುವತೊಡಗಿದಳು.

ಮಂಗಳಗೌರಿ ಮಗಳ ಕಡೆ ನೋಡಿದಳು. ಶಿವರಂಜನಿ ನೀರಿನ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ತಲೆ ಎತ್ತಲಿಲ್ಲ.

"ನಿನಗೂ ಗೊತ್ತಾ?"

"ಅಪ್ಪ ಹೇಳ್ಬೇಡ ಅಂದ್ರು."

"ಯಾವಾಗಿಂದ?"

"ಮೊದಲಿಂದ್ಲೂ."

"ನಾನು ಬರಿಗೈ ಚಾಚ್ಕೊಂಡು ನೀರು ಹುಯ್ಕೋವಾಗ ನೀನು ಇಲ್ಲೇ ನಿಂತಿರ್ತಿದ್ದೆ." ತಟ್ಟೆ ಸರಿಸಿ ಕೇಳಿದಳು: "ನಿನಗೂ ನಾನು ಉಳಿಯಕ್ಕಿಲ್ಲ ಅಂತ್ಲೇ ಅನ್ಸದಾ?"

ಶಿವರಂಜನಿ ಲೋಟವನ್ನು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎನ್ನುತ್ತಾರೆ ಹಿರಿಯರು. ಹುಟ್ಟಿದ ಸೂತಕವಿಲ್ಲ, ಸತ್ತ ಸೂತಕವಿಲ್ಲ. ಆದರೆ ಸಾಯದವರಿಗೆ ಸೂತಕ ಹಿಡಿಯುವ ಮನೆಯವರ ಬಗ್ಗೆ ಯಾವ ಹಿರಿಯರೂ ಹೇಳಿದಂತಿಲ್ಲ.

ಮರುದಿನ ಮಗಳು ಸ್ಕೂಲಿಗೆ ಹೋದ ಮೇಲೆ ಮಂಗಳಗೌರಿ ತಲೆಗೆ ಸೆರಗು ಹೊದ್ದು, ಮುಖಕ್ಕೆ ಮಾಸ್ಕು ಕಟ್ಟಿ, ಪೋರ್ಟಿನ ಮೇಲೆ ಒಂದು ಮೆತ್ತನೆಯ ಬಟ್ಟೆ ಇಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದಳು. ಮುಂದಿನ ಕೀಮೋ ಇನ್ನೂ ಬಂದಿರಲಿಲ್ಲ. ಮೈಯಲ್ಲಿ ಒಂದಿಷ್ಟು ಕಸುವಿತ್ತು. ಕಂಡಕ್ಟರು ಹೆಂಗಸರ ಫ್ರೀ ಟಿಕೆಟಿಗೆ ಆಧಾರ್ ಕೇಳಿದ. ಕಾರ್ಡಿನ ಫೋಟೋದಲ್ಲಿ ತುಂಬುಗೂದಲಿನ, ಕೆನ್ನೆ ತುಂಬಿದ ಹೆಂಗಸೊಬ್ಬಳು ನಗುತ್ತಿದ್ದಳು.

"ಇದು ನೀವೇನಾ ಅಮ್ಮ?"

ಅವಳು ಮಾಸ್ಕು ಇಳಿಸಿ ಸೆರಗು ಸರಿಸಿದಳು. "ನಾನೇ ಕಣಪ್ಪ. ಇನ್ನೂ ನಾನೇ."

ಕಂಡಕ್ಟರು ಟಿಕೆಟು ಹರಿದು ಕೊಟ್ಟು, ಕಿಟಕಿಯ ಪಕ್ಕ ಕುಳಿತಿದ್ದವನನ್ನು ಎಬ್ಬಿಸಿ ಅವಳನ್ನು ಕೂರಿಸಿದ.

ಊರಿನ ಸ್ಟಾಪಿನಲ್ಲಿ ಇಳಿದಾಗ ಹಾಲಿನ ಡೈರಿಯ ಜಗಲಿಯ ಮೇಲೆ ವೆಂಕಟಮ್ಮ ಕುಳಿತಿದ್ದಳು, ಪಕ್ಕದ ಬೀದಿಯವಳು. ಎದ್ದು ನಿಂತು, ಕೂತು, ಮತ್ತೆ ಎದ್ದಳು.

"ಗೌರವ್ವ. ಬಂದ್ಬುಟ್ಯಾ ತಾಯಿ. ನಿನ್ನೆ ತಾನೆ ನಿನ್ನ ಮಾತಾಡ್ಕತಿದ್ವಿ, ಎಷ್ಟು ಒಳ್ಳೇವ್ಳಾಗಿದ್ಲು ಅಂತ."

"ಈಗ್ಲೂ ಕೆಟ್ಟಿಲ್ಲ ಕಣ್ರಿ," ಎಂದು ಮಂಗಳಗೌರಿ ಮುಂದೆ ನಡೆದಳು.

ಮನೆಯ ಮುಂದೆ ಹುಳುಮನೆಯ ಬಾಗಿಲಿಗೆ ರಾಚಮ್ಮ ಅಡ್ಡ ಬಂದು ನಿಂತಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಮಲಗುತ್ತದೆ. ಅದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಹೊತ್ತಿನಲ್ಲಿ ಸುಣ್ಣದ ನೀರಿನಲ್ಲಿ ಕಾಲದ್ದದೆ ಯಾರನ್ನೂ ಒಳಗೆ ಬಿಡುವುದಿಲ್ಲ, ಅಗರಬತ್ತಿಯ ಹೊಗೆಯೂ ಸುಳಿಯಬಾರದು.

"ಅಲ್ಲೇ ನಿಲ್ಲಮ್ಮಿ. ಹುಳ ನಾಕನೇ ಜ್ವರಕ್ಕೆ ಕೂತವೆ. ತಪ್ಪು ತಿಳ್ಕಬ್ಯಾಡ, ನಿನ್ನ ಬೆವರಲ್ಲೂ ಆ ಔಸ್ದಿ ಇರ್ತದಂತೆ. ವಾಸ್ನೆ ತಾಕುದ್ರೆ ಒಂದೂ ಗೂಡು ಕಟ್ಟಾಕಿಲ್ಲ."

ಹುಳ ಸಾಕುವ ಆ ಬಿದಿರಿನ ತಟ್ಟೆಗಳನ್ನು ಹೆಣೆಸಿದವಳು ಮಂಗಳಗೌರಿ. ಆ ಹುಳಗಳ ತಾತ ಮುತ್ತಾತಂದಿರಿಗೆ ಸೊಪ್ಪು ಹೆಚ್ಚಿ ಹಾಕಿದ್ದು ಅವಳ ಕೈ. "ಹುಳಕ್ಕೆ ಜ್ವರ ಬಿಡೋತಂಕ ಕಾಯ್ತೀರಿ ಅಕ್ಕ. ಎದ್ದು ಉಣ್ತವೆ ಅಂತ ನಂಬಿಕೆ ಅದೆ," ಎಂದಳು. "ಒಳಗೆ ಬರಾಕಿಲ್ಲ ಬುಡಿ. ಇವ್ರೆಲ್ಲಿ?"

ರಾಚಮ್ಮ ತೋಟದ ಕಡೆ ಕೈ ತೋರಿಸಿದಳು.

ತೋಟದ ಮೂಲೆಯಲ್ಲಿ ಅತ್ತೆಯ ಗದ್ದುಗೆಯಿತ್ತು. ಕಲ್ಲುಚಪ್ಪಡಿ, ಮೇಲೊಂದು ಕಣಗಿಲೆ. ಅದರ ಎಡಕ್ಕೆ ಸೊಂಟದೆತ್ತರದ ಇಪ್ಪನೇರಳೆಯ ಸಾಲು ಇದ್ದಕ್ಕಿದ್ದಂತೆ ನಿಂತು, ಚೌಕವಾಗಿ ಬೋಳಾದ ಕೆಂಪು ಮಣ್ಣು ಕಾಣುತ್ತಿತ್ತು. ಬೇರು ಕಿತ್ತು, ಹೆಂಟೆ ಒಡೆದು, ಸಮ ಮಾಡಿದ್ದರು. ಅದರಾಚೆ ಶಿವಮಲ್ಲಪ್ಪ, ಹುಳ ಎದ್ದ ಕೂಡಲೇ ಬೇಕಾಗುವ ಸೊಪ್ಪು ಕೊಯ್ಯುತ್ತಿದ್ದ. ಬರಿಮೈ. ಬೆವರಿದ ಎದೆಯ ಮೇಲೆ ಎರಡು ಶಿವದಾರ, ಎರಡು ಕರಡಿಗೆ. ಅವಳನ್ನು ಕಂಡು ಕುಡುಗೋಲು ಕೆಳಗಿಟ್ಟು, ಹೆಗಲ ಟವಲನ್ನು ಎದೆಗೆ ಎಳೆದುಕೊಂಡ.

"ಬಿಸ್ಲಲ್ಲಿ ಯಾಕ್ ಬಂದೆ? ಫೋನ್ ಮಾಡಿದ್ರೆ ನಾನೇ ಬತ್ತಿದ್ದೆ."

"ನನ್ನ ಜಾಗ ನೋಡನ ಅಂತ ಬಂದೆ."

ಅವಳು ಆ ಚೌಕದ ಅಂಚಿಗೆ ಹೋಗಿ ನಿಂತಳು.

"ನಾಕು ಗಿಡ ಹೆಚ್ಚಿಗೇ ಕಿತ್ತಿದ್ದೀರ. ನಾನೀಗ ಅಷ್ಟು ದಪ್ಪ ಇಲ್ಲ."

"ಗೌ‌ರಿ."

"ಗಂಟು ಅರ್ಧ ಆಗದೆ ಅಂತ ಡಾಕ್ಟರು ಅಂದ್ರು, ಫೋನಲ್ಲಿ ಏಳ್ದೆ. ಶಿವನ ದಯ ಅಂದ್ರಿ. ಅಂದ್ಬುಟ್ಟು ಬಂದು ಕಿತ್ರಾ, ಇಲ್ಲಾ ಕಿತ್ತಾದ ಮೇಲೆ ಅಂದ್ರಾ?"

ಶಿವಮಲ್ಲಪ್ಪ ಬದುವಿನ ಮೇಲೆ ಕುಳಿತ. "ಅವ್ವನ ಕೈ ನೀನೂ ನೋಡಿದ್ಯಲ್ಲ. ಅಷ್ಟು ಜನರ ಮುಂದೆ," ಎಂದ. "ಆ ಕೈ ನನ್ನ ಕಣ್ಣು ಬುಟ್ಟು ಓಗಿಲ್ಲ. ನಿನ್ನ ಕೈ ಅಂಗೆ ಕಾಣ್ಬಾರ್ದು ಅಂತ ಮಾಡ್ದೆ. ಬ್ಯಾರೆ ಏನೂ ಇಲ್ಲ."

"ಸತ್ತ ಕೈಗೆ ಇಡಕ್ಕೆ ಅಂತ ಬದುಕಿರೋ ಕೈ ಬರಿದು ಮಾಡುದ್ರಿ."

"ನೆಲದ ಮ್ಯಾಗೆ ಮಡಗ್ನಿಲ್ಲ, ಗೂಡ್ನಲ್ಲಿ ಮಡಗ್ನಿಲ್ಲ. ಮೈಮ್ಯಾಲೇ ಮಡಿಕ್ಕಂಡಿವ್ನಿ. ದಿನಾ ಎರಡಕ್ಕೂ ಪೂಜೆ ಮಾಡಿವ್ನಿ, ನಿನ್ನ ಎಸ್ರೇಳಿ."

"ನೀವು ಉಂಡ್ರೆ ನನ್ನ ಹೊಟ್ಟೆ ತುಂಬ್ತಿತ್ತಾ?"

ಒಬ್ಬರ ಇಷ್ಟಲಿಂಗಕ್ಕೆ ಇನ್ನೊಬ್ಬರ ಪೂಜೆ ಸಲ್ಲುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಅದು ಅಂಗೈಗೂ ಕಣ್ಣಿಗೂ ನಡುವಿನದು, ಗಂಡಹೆಂಡಿರ ನಡುವಿನದಲ್ಲ. ಹೆಂಡತಿಯ ಲಿಂಗವನ್ನು ಗಂಡ ಕಾಯಬೇಕೆಂಬ, ಶಾಸ್ತ್ರದಲ್ಲಿ ಇಲ್ಲದ ಕಟ್ಟಳೆಯನ್ನು ಅವನ ಹೆದರಿಕೆಯೇ ಮಾಡಿಕೊಂಡಿತ್ತು, ಅವನ ಹೆದರಿಕೆಯೇ ಪಾಲಿಸಿಕೊಂಡು ಬಂದಿತ್ತು.

"ಆಸ್ಪತ್ರೇಲಿ ಒಬ್ಬಳವ್ಳೆ, ತಗಡೂರವ್ಳು," ಎಂದಳು ಮಂಗಳಗೌರಿ. ದನಿ ಏರಲಿಲ್ಲ. "ಅವ್ಳ ಮನೆಯವ್ರು ಅವಳ ಆಡು ಅಂಚ್ಕಂಡ್ರಂತೆ. ನಾನು ಅಂದ್ಕೊಂಡೆ, ನಮ್ಮವ್ರು ಅಂಥವ್ರಲ್ಲ ಅಂತ. ಆಡು ತಗಂಡೋರಾದ್ರೂ ಆಸೆಗೆ ತಗಂಡ್ರು. ನೀವು ಪ್ರೀತಿ ಅಂತ ತಗಂಡ್ರಿ. ನಾನು ಯಾರ್ನ ಬಯ್ಲಿ? ಎದೇಲಿ ಇದೊಂದು ಕೂರಿಸ್ಕಂಡು, ವಾಂತಿ ಮಾಡ್ಕಂಡು, ಗಂಜಿನ ಔಸ್ದಿ ಅಂದ್ಕಂಡು ಕುಡೀತಾ ಬದುಕ್ಬೇಕು ಅಂತ ನಾನು ಒದ್ದಾಡ್ತಿದ್ರೆ, ನೀವು ನನ್ನ ಸಾವ ಕೊಳ್ಳಿಗೆ ಕಟ್ಕಂಡು ಊರೆಲ್ಲ ತೋರಿಸ್ಕಂಡು ಬಂದ್ರಿ. ಬದುಕ್ತಾಳೆ ಅಂತ ಒಬ್ರೂ ಒಂದು ಮಾತಿಗೂ ಅನ್ನನಿಲ್ಲ."

"ಬದುಕುದ್ರೆ ನನಗಿಂತ ಯಾರಿಗೆ ಸಂತೋಸ?"

"ಅದೇ ನೋಡಿ. ಬದುಕುದ್ರೆ."

ಕಾಲುವೆಯಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಅವಳಿಗೆ ಕೂರಬೇಕೆನ್ನಿಸಿತ್ತು, ಆದರೆ ಅಲ್ಲಿ ಕೂರಲು ಇದ್ದದ್ದು ಆ ಬೋಳು ಮಣ್ಣು ಮಾತ್ರ. ಅವಳು ಅದರ ಮೇಲೆ ಕೂರಲಿಲ್ಲ.

"ನನ್ನದು ನನಗೆ ಕೊಡಿ. ಸಾಯೋ ದಿನ ಯಾವತ್ತೋ ಬತ್ತದೆ, ಎಲ್ರಿಗೂ ಬತ್ತದೆ. ಆವತ್ತು ಕೈಲಿದ್ರೆ ಇರ್ಲಿ, ಇಲ್ದೆ ಓದ್ರೆ ಓಗ್ಲಿ. ಶಿವ ಕೈ ನೋಡಿ ಒಳಗೆ ಬುಟ್ಕತಾನಾ? ನನಗೆ ನಾಳೆ ಬೆಳಿಗ್ಗೆ ಬೇಕು."

ಶಿವಮಲ್ಲಪ್ಪ ಎದ್ದು ಕಾಲುವೆಗಿಳಿದು ಕೈ ತೊಳೆದ. ಟವಲು ತೆಗೆದು ಬದುವಿನ ಮೇಲಿಟ್ಟ. ಇಷ್ಟು ದಿನದ ಬೆವರಿಗೆ ಎರಡು ದಾರವೂ ಕಪ್ಪಾಗಿ ಒಂದರೊಳಗೊಂದು ಹೆಣೆದುಕೊಂಡಿದ್ದವು. ಯಾವುದು ಯಾರದು ಎಂದು ದಾರ ನೋಡಿ ಹೇಳುವಂತಿರಲಿಲ್ಲ. ಅವನು ತಲೆ ಬಗ್ಗಿಸಿಕೊಂಡು ಉಗುರಿನಿಂದ ಒಂದೊಂದೇ ತಿರುವನ್ನು ಬಿಡಿಸತೊಡಗಿದ. ಬಿಗಿದ ಗಂಟು ಮತ್ತೆ ಮತ್ತೆ ಜಾರಿತು. ಒಂದು ಸಲ ಅವಳ ಮುಖ ನೋಡಿದ. ಅವಳು ಬಿಡಿಸಲು ಹೋಗಲಿಲ್ಲ, ಕಾಯುತ್ತ ನಿಂತಳು. ಸೊಪ್ಪಿನ ಹೊರೆಯ ಮೇಲೆ ಬಿಸಿಲು ಬಿದ್ದು ಎಲೆ ಬಾಡುತ್ತಿತ್ತು.

ಕೊನೆಗೂ ಅವಳ ಬೆಳ್ಳಿಯ ಕರಡಿಗೆಯ ದಾರ ಬೇರೆಯಾಯಿತು. ಅವನು ಅದನ್ನು ತಲೆಯ ಮೇಲಿಂದ ತೆಗೆದು, ಕಾಲುವೆಯ ನೀರಿನಲ್ಲಿ ತೊಳೆದು, ಅವಳ ಕೊರಳಿಗೇ ಹಾಕಲು ಕೈಯೆತ್ತಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೈಗೆ ಕೊಡಿ," ಎಂದಳು.

ಎತ್ತಿದ ಕೈಗಳು ಅಲ್ಲೇ ನಿಂತವು, ಆಮೇಲೆ ಇಳಿದವು. ಅವಳು ಎಡ ಅಂಗೈ ಚಾಚಿದಳು. ಶಿವಮಲ್ಲಪ್ಪ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ದಾರವನ್ನು ಅದರ ಸುತ್ತ ಸುತ್ತಿ, ಅವಳ ಅಂಗೈಯಲ್ಲಿಟ್ಟ.